ಮುಂಗೈ ಗಡಿಯಾರದ ಲೆಕ್ಕವೂ ಹೃದಯದ ಲೆಕ್ಕವೂ
ನಡುವಯಸ್ಸಿನ ವ್ಯಾಪಾರಸ್ಥರು ಫಿಟ್‌ನೆಸ್ ಬ್ಯಾಂಡನ್ನು ಎಷ್ಟರಮಟ್ಟಿಗೆ ನಂಬಬಹುದು?

ರೋಣ, ನರಗುಂದ, ಗಜೇಂದ್ರಗಡ ಭಾಗದ ಅಡತಿ ಅಂಗಡಿ, ಜವಳಿ ಮಳಿಗೆ ಹಾಗೂ ಸಣ್ಣ ಕಾರ್ಖಾನೆಗಳಲ್ಲಿ ಕುಳಿತು ವ್ಯವಹಾರ ನಡೆಸುವ ನಲವತ್ತು-ಐವತ್ತರ ವಯಸ್ಸಿನ ಬಾಂಧವರ ಮುಂಗೈಯಲ್ಲಿ ಈಗ ಫಿಟ್‌ನೆಸ್ ಬ್ಯಾಂಡ್ ಇಲ್ಲವೆ ಸ್ಮಾರ್ಟ್ ವಾಚ್ ಕಾಣುವುದು ಸಾಮಾನ್ಯವಾಗಿದೆ. ಇದರ ಹಿಂದೆ ಆಡಂಬರಕ್ಕಿಂತ ಅಂಜಿಕೆಯೇ ಹೆಚ್ಚು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರು ತಮ್ಮ 46ನೆಯ ವಯಸ್ಸಿನಲ್ಲಿ ಹಠಾತ್ತಾಗಿ ನಿಧನರಾದಾಗ ನಾಡಿನ ಮನೆ ಮನೆಯಲ್ಲಿಯೂ ಹೃದಯದ ಮಾತು ಆರಂಭವಾಯಿತು. 2025ರ ಮೇ-ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಸಾಲುಸಾಲಾಗಿ ಹೃದಯಾಘಾತದ ಸುದ್ದಿಗಳು ಬಂದಾಗ ಜನರು ತಪಾಸಣೆಗಾಗಿ ಜಯದೇವ ಹೃದ್ರೋಗ ಸಂಸ್ಥೆಯ ಬಾಗಿಲಿನಲ್ಲಿ ಸಾಲುಗಟ್ಟಿ ನಿಂತರು. ಸರಕಾರ ನೇಮಿಸಿದ ತಜ್ಞರ ಸಮಿತಿಯು 24 ಸಾವುಗಳನ್ನು ಪರಿಶೀಲಿಸಿ, ಅವುಗಳಲ್ಲಿ 20 ಹೃದಯಕ್ಕೆ ಸಂಬಂಧಿಸಿದವು, ಆದರೆ ಜಿಲ್ಲೆಯಲ್ಲಿ ಅಸಹಜ ಏರಿಕೆಯೇನೂ ಕಂಡುಬಂದಿಲ್ಲ ಎಂದು ವರದಿ ನೀಡಿತು. ಅಂಜಿಕೆ ಮಾತ್ರ ಉಳಿಯಿತು. ಆ ಅಂಜಿಕೆಗೆ ಪರಿಹಾರವೆಂದು ಅನೇಕರು ಗಡಿಯಾರ ಕೊಂಡರು.

ಗಡಿಯಾರ ಕೊಂಡದ್ದು ತಪ್ಪಲ್ಲ. ಅದು ಯಾವುದನ್ನು ಅಳೆಯುತ್ತದೆ, ಯಾವುದನ್ನು ಅಳೆಯುವುದಿಲ್ಲ ಎಂಬುದನ್ನು ಅರಿಯದಿರುವುದು ಮಾತ್ರ ಅಪಾಯಕರ. ಹತ್ತಿಯ ಅಂಡಿಗೆ ತೂಗುವ ಕಾಟಾದಲ್ಲಿ ಯಾರೂ ಬಂಗಾರ ತೂಗುವುದಿಲ್ಲ. ಕಾಟಾ ಸುಳ್ಳು ಹೇಳುತ್ತದೆ ಎಂದಲ್ಲ, ಅದು ಆ ಕೆಲಸಕ್ಕಾಗಿ ಮಾಡಿದ್ದಲ್ಲ. ಮುಂಗೈ ಗಡಿಯಾರದ ವಿಷಯದಲ್ಲಿಯೂ ಇದೇ ವಿವೇಕ ಅಗತ್ಯ.

ಗಡಿಯಾರವು ನೋಡುವುದು ಏನನ್ನು?

ಗಡಿಯಾರದ ಹಿಂಬದಿಯಲ್ಲಿ ಮಿನುಗುವ ಹಸಿರು ದೀಪವನ್ನು ಎಲ್ಲರೂ ಗಮನಿಸಿರಬಹುದು. ರಕ್ತವು ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಹೃದಯವು ಒಮ್ಮೆ ಬಡಿದಾಗ ಚರ್ಮದ ಕೆಳಗಿನ ಸಣ್ಣ ರಕ್ತನಾಳಗಳಲ್ಲಿ ರಕ್ತ ಹೆಚ್ಚುತ್ತದೆ. ಆಗ ಹಿಂದಿರುಗುವ ಬೆಳಕು ಕಡಿಮೆಯಾಗುತ್ತದೆ. ಎರಡು ಬಡಿತಗಳ ನಡುವೆ ರಕ್ತ ತಗ್ಗಿ, ಹಿಂದಿರುಗುವ ಬೆಳಕು ಹೆಚ್ಚುತ್ತದೆ. ಈ ಏರಿಳಿತವನ್ನು ಎಣಿಸಿ ಗಡಿಯಾರವು ನಿಮಿಷಕ್ಕೆ ಇಷ್ಟು ಬಡಿತವೆಂದು ತಿಳಿಸುತ್ತದೆ. ಅಂದರೆ ಅದು ನೋಡುವುದು ಮುಂಗೈಯ ಚರ್ಮದ ಕೆಳಗೆ ಬಂದು ತಲುಪುವ ನಾಡಿಯ ಅಲೆಯನ್ನೇ ಹೊರತು ಹೃದಯವನ್ನಲ್ಲ. ಹೃದಯದ ಸ್ನಾಯುವಿಗೆ ರಕ್ತ ಒದಗಿಸುವ ಕೊರೋನರಿ ರಕ್ತನಾಳಗಳಲ್ಲಿ ಕೊಬ್ಬು ಕಟ್ಟಿದೆಯೇ ಎಂಬುದು ಈ ಬೆಳಕಿಗೆ ಕಾಣುವುದೇ ಇಲ್ಲ. ಹೆಜ್ಜೆಗಳ ಎಣಿಕೆಯನ್ನು ಕೈಯ ಚಲನೆ ಗ್ರಹಿಸುವ ಬೇರೊಂದು ಸಣ್ಣ ಸಾಧನ ಮಾಡುತ್ತದೆ. ಕ್ಯಾಲೊರಿ, ನಿದ್ರೆಯ ಗುಣಮಟ್ಟ, ಒತ್ತಡದ ಮಟ್ಟ ಮುಂತಾದವು ಈ ಎರಡರಿಂದ ಲೆಕ್ಕ ಹಾಕಿದ ಅಂದಾಜುಗಳಾಗಿವೆ.

ಪರೀಕ್ಷೆಗಳಲ್ಲಿ ಕಂಡುಬಂದದ್ದು

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಏಳು ಬಗೆಯ ಸಾಧನಗಳನ್ನು 60 ಜನರ ಕೈಗೆ ಕಟ್ಟಿ, ಕುಳಿತಾಗ, ನಡೆವಾಗ, ಓಡುವಾಗ, ಸೈಕಲ್ ತುಳಿಯುವಾಗ ಪರೀಕ್ಷಿಸಿದರು. ಏಳರಲ್ಲಿ ಆರು ಸಾಧನಗಳು ನಾಡಿಬಡಿತವನ್ನು ಶೇ. 5ಕ್ಕಿಂತ ಕಡಿಮೆ ತಪ್ಪಿನೊಂದಿಗೆ ತೋರಿಸಿದವು. ನಿಜವಾದ ಬಡಿತ 80 ಇದ್ದರೆ ಗಡಿಯಾರ 76ರಿಂದ 84ರೊಳಗೆ ತೋರಿಸಿತೆಂದು ಇದರ ಅರ್ಥ. ದಿನಬಳಕೆಗೆ ಇದು ಸಾಕು. ಆದರೆ ಖರ್ಚಾದ ಕ್ಯಾಲೊರಿಯ ಲೆಕ್ಕದಲ್ಲಿ ಅತ್ಯುತ್ತಮ ಸಾಧನವೇ ಸರಾಸರಿ ಶೇ. 27ರಷ್ಟು, ಅತ್ಯಂತ ಕಳಪೆಯದು ಶೇ. 93ರಷ್ಟು ತಪ್ಪಿತು. ಗಡಿಯಾರವು 300 ಕ್ಯಾಲೊರಿ ಕರಗಿತೆಂದು ತೋರಿಸಿದ್ದನ್ನು ನಂಬಿ ಸಂಜೆ ಮಿರ್ಚಿ-ಭಜಿ ತಿನ್ನುವವರು ಈ ಅಂಕಿಗಳನ್ನು ನೆನಪಿನಲ್ಲಿಡುವುದು ಒಳಿತು.

ಕಪ್ಪು ಬಣ್ಣದ ಚರ್ಮದ ಮೇಲೆ ಹಸಿರು ಬೆಳಕು ಸರಿಯಾಗಿ ಕೆಲಸ ಮಾಡುವುದೇ ಎಂಬ ಪ್ರಶ್ನೆ ನಮಗೆ ಸಹಜವಾದುದು. 2020ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದವರು ಬೇರೆ ಬೇರೆ ಚರ್ಮವರ್ಣದ 53 ಜನರ ಮೇಲೆ ಪರೀಕ್ಷೆ ನಡೆಸಿದಾಗ ಬಣ್ಣದಿಂದ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ವ್ಯತ್ಯಾಸ ಉಂಟಾದದ್ದು ಚಲನೆಯಿಂದ: ವಿಶ್ರಾಂತಿಯಲ್ಲಿದ್ದಾಗಿನ ತಪ್ಪಿಗಿಂತ ಚಟುವಟಿಕೆಯಲ್ಲಿದ್ದಾಗಿನ ತಪ್ಪು ಸರಾಸರಿ ಶೇ. 30ರಷ್ಟು ಹೆಚ್ಚಾಗಿತ್ತು. ಕೈ ಲಯಬದ್ಧವಾಗಿ ಆಡುವಾಗ ಗಡಿಯಾರವು ಕೈಯ ಲಯವನ್ನೇ ನಾಡಿಯ ಲಯವೆಂದು ಎಣಿಸುವ ಸಂಭವವೂ ಉಂಟು.

ಈ ಕೊನೆಯ ಅಂಶವು ನಮ್ಮ ಭಾಗದ ಕಸುಬುಗಳಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಗಜೇಂದ್ರಗಡದ ನೇಕಾರರು ಪಟ್ಟೇದಂಚು ಸೀರೆ ನೇಯುವಾಗ ಕೈಯಿಂದ ಲಾಳಿ ಎಳೆಯುತ್ತಾರೆ, ಕಾಲಿನಿಂದ ಮಗ್ಗ ತುಳಿಯುತ್ತಾರೆ. ಮುಂಗೈಯ ಗಡಿಯಾರವು ಕಾಲಿನ ಶ್ರಮವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ, ಕೈಯ ಎಳೆತವನ್ನು ಹೆಜ್ಜೆಯೆಂದು ಎಣಿಸಬಹುದು. ಬೈಕಿನ ಮೇಲೆ ಹದಗೆಟ್ಟ ರಸ್ತೆಯಲ್ಲಿ ಸಂತೆಗೆ ಹೋಗಿ ಬಂದವರಿಗೆ ನಡೆಯದೆಯೇ ನೂರಾರು ಹೆಜ್ಜೆ ಜಮೆಯಾಗಬಹುದು. ಮಾರುಕಟ್ಟೆ ಪ್ರಾಂಗಣದಲ್ಲಿ ತಲೆಯ ಮೇಲಿನ ಚೀಲವನ್ನು ಎರಡೂ ಕೈಗಳಿಂದ ಹಿಡಿದು ನಡೆಯುವ ಹಮಾಲರ ಹೆಜ್ಜೆಗಳು, ಕೈ ಆಡದ ಕಾರಣ, ಖರ್ಚೇ ಬೀಳದಿರಬಹುದು. ಆದುದರಿಂದ ದುಡಿಮೆಯ ಹೊತ್ತಿನ ಅಂಕಿಗಳಿಗಿಂತ, ಬೆಳಿಗ್ಗೆ ಎದ್ದೊಡನೆ ಕುಳಿತು ನೋಡಿದ ವಿಶ್ರಾಂತ ನಾಡಿಬಡಿತವೇ ಹೆಚ್ಚು ವಿಶ್ವಾಸಾರ್ಹ.

ಲಯ ತಪ್ಪಿದ ನಾಡಿ

ಹೃದಯದ ಮೇಲಿನ ಕೋಣೆಗಳು ಕ್ರಮವಿಲ್ಲದೆ ಕಂಪಿಸುವ ‘ಏಟ್ರಿಯಲ್ ಫಿಬ್ರಿಲೇಶನ್’ ಎಂಬ ದೋಷವನ್ನು ಪತ್ತೆಹಚ್ಚಲು ಕೆಲವು ದುಬಾರಿ ಗಡಿಯಾರಗಳು ನೆರವಾಗುತ್ತವೆ. ಈ ದೋಷವಿದ್ದವರಲ್ಲಿ ಪಾರ್ಶ್ವವಾಯುವಿನ ಸಂಭವ ಸುಮಾರು ಐದು ಪಟ್ಟು ಹೆಚ್ಚು. 2019ರಲ್ಲಿ ಪ್ರಕಟವಾದ ‘ಆಪಲ್ ಹಾರ್ಟ್ ಸ್ಟಡಿ’ಯಲ್ಲಿ 4,19,297 ಜನರು ಪಾಲ್ಗೊಂಡಿದ್ದರು. ಅವರಲ್ಲಿ 2,161 ಜನರಿಗೆ, ಅಂದರೆ ಶೇ. 0.52ರಷ್ಟು ಜನರಿಗೆ, ನಾಡಿಯ ಲಯ ತಪ್ಪಿದೆ ಎಂಬ ಎಚ್ಚರಿಕೆ ಬಂದಿತು. 40 ವರ್ಷಕ್ಕಿಂತ ಕಿರಿಯರಲ್ಲಿ ಈ ಪ್ರಮಾಣ ಕೇವಲ ಶೇ. 0.16, 65 ದಾಟಿದವರಲ್ಲಿ ಶೇ. 3.1. ಎಚ್ಚರಿಕೆ ಬಂದವರಲ್ಲಿ 450 ಜನರು ಎದೆಗೆ ಅಂಟಿಸುವ ಇಸಿಜಿ ಪಟ್ಟಿಯನ್ನು ಧರಿಸಿ ಮರಳಿಸಿದರು. ಅವರ ಪೈಕಿ ಶೇ. 34ರಷ್ಟು ಜನರಲ್ಲಿ ದೋಷ ದೃಢಪಟ್ಟಿತು. ಈ ದೋಷ ಬಂದು ಹೋಗುವ ಸ್ವಭಾವದ್ದಾದ್ದರಿಂದ ಉಳಿದವರ ಎಚ್ಚರಿಕೆಗಳೆಲ್ಲ ಸುಳ್ಳೆಂದು ತಿಳಿಯುವಂತಿಲ್ಲ.

ವ್ಯಾಪಾರಸ್ಥರಿಗೆ ಇದರಿಂದ ಎರಡು ಪಾಠಗಳಿವೆ. ಎಚ್ಚರಿಕೆ ಬಂದರೆ ಗಾಬರಿಯಾಗದೆ, ಅಲಕ್ಷ್ಯವನ್ನೂ ಮಾಡದೆ ವೈದ್ಯರಲ್ಲಿ ಇಸಿಜಿ ತೆಗೆಸಬೇಕು. ಎಚ್ಚರಿಕೆ ಬಾರದಿದ್ದರೆ ಹೃದಯ ಸುಸ್ಥಿತಿಯಲ್ಲಿದೆ ಎಂಬ ತೀರ್ಮಾನಕ್ಕೆ ಬರಬಾರದು. ಬೆರಳಿಟ್ಟು ಇಸಿಜಿ ತೆಗೆಯುವ ಗಡಿಯಾರಗಳೂ ಹೃದಯವನ್ನು ಒಂದೇ ದಿಕ್ಕಿನಿಂದ ನೋಡುತ್ತವೆ. ಆಸ್ಪತ್ರೆಯ ಇಸಿಜಿ ಹನ್ನೆರಡು ದಿಕ್ಕುಗಳಿಂದ ನೋಡುತ್ತದೆ. ಈ ಸಾಧನ ಹೃದಯಾಘಾತವನ್ನು ಪತ್ತೆಹಚ್ಚಲಾರದು ಎಂದು ತಯಾರಕರೇ ಸ್ಪಷ್ಟವಾಗಿ ತಿಳಿಸಿರುತ್ತಾರೆ.

ರಕ್ತದೊತ್ತಡ ಮತ್ತು ಸಕ್ಕರೆ

ಅಗ್ಗದ ಗಡಿಯಾರಗಳ ಡಬ್ಬಿಯ ಮೇಲೆ ಬಿಪಿ ಹಾಗೂ ಸಕ್ಕರೆಯ ಚಿತ್ರಗಳು ಧಾರಾಳವಾಗಿರುತ್ತವೆ. ಹೆಚ್ಚಿನ ಎಚ್ಚರ ಬೇಕಾದದ್ದು ಇಲ್ಲಿಯೇ. ಬಿಪಿ ಅಳೆಯಲು ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬುವ ಯಂತ್ರವೇ ಪ್ರಮಾಣ. ಸ್ಯಾಮ್‌ಸಂಗ್ ಕಂಪನಿಯ ಬಿಪಿ ಸೌಲಭ್ಯವುಳ್ಳ ಗಡಿಯಾರವನ್ನು ಸಹ ಪ್ರತಿ 28 ದಿನಗಳಿಗೊಮ್ಮೆ ಅಂತಹ ಯಂತ್ರದೊಂದಿಗೆ ಹೋಲಿಸಿ ಸರಿಪಡಿಸಿಕೊಳ್ಳಬೇಕು. ಆಪಲ್ ಗಡಿಯಾರದಲ್ಲಿ ಅಧಿಕ ರಕ್ತದೊತ್ತಡದ ಸೂಚನೆ ನೀಡುವ ಸೌಲಭ್ಯಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2025ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ನೀಡಿತು. ಅದು ಬಿಪಿಯ ಅಂಕಿ ತೋರಿಸುವುದಿಲ್ಲ. ಸಂಶಯವಿದೆ, ತೋಳಿನ ಪಟ್ಟಿಯ ಯಂತ್ರದಿಂದ ಏಳು ದಿನ ಅಳೆದು ವೈದ್ಯರಿಗೆ ತೋರಿಸಿ ಎಂದಷ್ಟೇ ಸೂಚಿಸುತ್ತದೆ. ಸಕ್ಕರೆಯ ವಿಷಯದಲ್ಲಿಯಂತೂ, ಚರ್ಮ ಚುಚ್ಚದೆ ತಾನಾಗಿಯೇ ಸಕ್ಕರೆ ಅಳೆಯುವ ಯಾವುದೇ ಗಡಿಯಾರಕ್ಕಾಗಲಿ ಉಂಗುರಕ್ಕಾಗಲಿ ಅನುಮೋದನೆ ನೀಡಿಲ್ಲವೆಂದು ಅದೇ ಆಡಳಿತವು 2024ರ ಫೆಬ್ರುವರಿಯಲ್ಲಿ ಸಾರ್ವಜನಿಕ ಎಚ್ಚರಿಕೆ ಹೊರಡಿಸಿತು. ಗಡಿಯಾರದ ಅಂಕಿ ನೋಡಿ ಮಾತ್ರೆ ಹೆಚ್ಚು-ಕಡಿಮೆ ಮಾಡಿಕೊಳ್ಳುವುದು ಪ್ರಾಣಕ್ಕೇ ಸಂಚಕಾರ ತರಬಲ್ಲುದು.

ಒಂಬತ್ತು ಬಾಬುಗಳಲ್ಲಿ ಗಡಿಯಾರಕ್ಕೆ ಕಾಣುವುದು ಒಂದೇ

ಹೃದಯಾಘಾತಕ್ಕೆ ಕಾರಣಗಳನ್ನು ಅರಿಯಲು 52 ದೇಶಗಳಲ್ಲಿ ನಡೆದ ‘ಇಂಟರ್‌ಹಾರ್ಟ್’ ಅಧ್ಯಯನವು 2004ರಲ್ಲಿ ಪ್ರಕಟವಾಯಿತು. ಸುಮಾರು 30,000 ಜನರನ್ನು ಒಳಗೊಂಡ ಈ ಅಧ್ಯಯನದಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ವೈದ್ಯರೂ ಪಾಲ್ಗೊಂಡಿದ್ದರು. ಮೊದಲ ಹೃದಯಾಘಾತದ ಸರಾಸರಿ ವಯಸ್ಸು ದಕ್ಷಿಣ ಏಷ್ಯಾದವರಲ್ಲಿ 53 ವರ್ಷ, ಇತರರಲ್ಲಿ 58.8 ವರ್ಷ ಎಂಬುದು ಇದರಿಂದ ತಿಳಿದುಬಂದಿತು. ಅಂದರೆ ಮಕ್ಕಳ ಓದು, ಮದುವೆ, ಬ್ಯಾಂಕಿನ ಸಾಲ ಎಲ್ಲವೂ ಹೆಗಲ ಮೇಲಿರುವ ವಯಸ್ಸಿನಲ್ಲಿಯೇ ನಮಗೆ ಆಪತ್ತು ಬರುತ್ತದೆ. ಅದೇ ಅಧ್ಯಯನದ ಪ್ರಕಾರ, ಮೊದಲ ಹೃದಯಾಘಾತದ ಅಪಾಯದಲ್ಲಿ ಪುರುಷರಲ್ಲಿ ಶೇ. 90ರಷ್ಟನ್ನೂ ಮಹಿಳೆಯರಲ್ಲಿ ಶೇ. 94ರಷ್ಟನ್ನೂ ಒಂಬತ್ತು ಅಂಶಗಳಿಂದಲೇ ವಿವರಿಸಬಹುದು. ಅವು ಯಾವುವೆಂದರೆ:

1. ಧೂಮಪಾನ
2. ರಕ್ತದ ಕೊಬ್ಬಿನ ಏರುಪೇರು
3. ಅಧಿಕ ರಕ್ತದೊತ್ತಡ
4. ಮಧುಮೇಹ
5. ಹೊಟ್ಟೆಯ ಬೊಜ್ಜು
6. ಮಾನಸಿಕ ಒತ್ತಡ
7. ಹಣ್ಣು-ತರಕಾರಿಗಳ ಕೊರತೆ
8. ಮದ್ಯಪಾನದ ರೂಢಿ
9. ದೈಹಿಕ ಚಟುವಟಿಕೆಯ ಕೊರತೆ

ಈ ಪಟ್ಟಿಯನ್ನು ಮುಂದಿಟ್ಟುಕೊಂಡು ಗಡಿಯಾರವನ್ನು ನೋಡಿದರೆ, ಅದು ತಕ್ಕಮಟ್ಟಿಗೆ ನೇರವಾಗಿ ಅಳೆಯುವುದು ಒಂಬತ್ತನೆಯದೊಂದನ್ನು ಮಾತ್ರ. ಒತ್ತಡದ ಬಗ್ಗೆ ಅದು ತೋರಿಸುವ ಅಂಕಿ ನಾಡಿಬಡಿತದಿಂದ ಕಟ್ಟಿದ ಊಹೆ. ಬೀಡಿ-ಸಿಗರೇಟು, ಕೊಬ್ಬು, ಸಕ್ಕರೆ, ಹೊಟ್ಟೆಯ ಸುತ್ತಳತೆ ಯಾವುದೂ ಅದರ ಖಾತೆಯಲ್ಲಿ ಬರುವುದಿಲ್ಲ. ಒಂಬತ್ತು ಗಿರಾಕಿಗಳಲ್ಲಿ ಒಬ್ಬರ ಬಾಕಿಯನ್ನು ಮಾತ್ರ ನೋಡಿ ವರ್ಷದ ಲಾಭ-ನಷ್ಟ ತೆಗೆಯುವವರು ನಮ್ಮಲ್ಲಿ ಯಾರೂ ಇಲ್ಲ. ಹೃದಯದ ವಿಷಯದಲ್ಲಿ ಮಾತ್ರ ಅನೇಕರು ಅದನ್ನೇ ಮಾಡುತ್ತಿದ್ದಾರೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ರಾಷ್ಟ್ರವ್ಯಾಪಿ ಸಮೀಕ್ಷೆಯು 2023ರಲ್ಲಿ ಪ್ರಕಟಿಸಿದ ಅಂಕಿಗಳ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 35.5 ಜನರಿಗೆ ಅಧಿಕ ರಕ್ತದೊತ್ತಡ, ಶೇ. 11.4 ಜನರಿಗೆ ಮಧುಮೇಹವಿದೆ. ಇವೆರಡೂ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುವ ರೋಗಗಳು.

ಹೆಜ್ಜೆಯ ಲೆಕ್ಕದ ನಿಜವಾದ ಉಪಯೋಗ

ಹಾಗಾದರೆ ಗಡಿಯಾರ ನಿರುಪಯೋಗಿಯೇ? ಖಂಡಿತ ಅಲ್ಲ. ಗಾದಿಯ ಮೇಲೆ ಕುಳಿತ ಹಾಗೆ ದಿನ ಕಳೆಯುವವರಿಗೆ ತಾವು ಎಷ್ಟು ಕಡಿಮೆ ನಡೆಯುತ್ತೇವೆ ಎಂಬುದನ್ನು ತೋರಿಸುವ ಕನ್ನಡಿ ಅದು. ದಿನಕ್ಕೆ 10,000 ಹೆಜ್ಜೆ ಎಂಬ ಗುರಿ ಹುಟ್ಟಿದ್ದು ವೈದ್ಯರಿಂದಲ್ಲ. 1965ರಲ್ಲಿ ಜಪಾನಿನ ಯಮಾಸಾ ಕಂಪನಿಯು ಮಾರಾಟಕ್ಕೆ ತಂದ ಹೆಜ್ಜೆ ಎಣಿಕೆಯ ಯಂತ್ರದ ಹೆಸರಿನಿಂದ. 15 ಅಧ್ಯಯನಗಳ 47,471 ವಯಸ್ಕರ ಮಾಹಿತಿಯನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯು, 60ಕ್ಕಿಂತ ಕಿರಿಯರಲ್ಲಿ 8,000ದಿಂದ 10,000 ಹೆಜ್ಜೆಗಳವರೆಗೆ, 60 ಮತ್ತು ಅದಕ್ಕೂ ಮೇಲ್ಪಟ್ಟವರಲ್ಲಿ 6,000ದಿಂದ 8,000 ಹೆಜ್ಜೆಗಳವರೆಗೆ ಅಕಾಲ ಮರಣದ ಸಂಭವ ಇಳಿಯುತ್ತ ಹೋಗುತ್ತದೆಂದು ತೋರಿಸಿತು. ಮೂರು ಸಾವಿರ ಹೆಜ್ಜೆ ಹಾಕುವವರು ಐದು ಸಾವಿರಕ್ಕೆ ಏರಿದರೂ ಅದು ಶುದ್ಧ ಲಾಭವೇ.

ವಿಶ್ವ ಆರೋಗ್ಯ ಸಂಸ್ಥೆಯು ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮವನ್ನು ಸೂಚಿಸುತ್ತದೆ. ನಡೆಯುವಾಗ ಮಾತನಾಡಲು ಸಾಧ್ಯವಾಗಿ, ಹಾಡಲು ಸಾಧ್ಯವಾಗದಿದ್ದರೆ ಅದು ಮಧ್ಯಮ ಶ್ರಮ. ಇದಕ್ಕೆ ಗಡಿಯಾರವೂ ಬೇಡ. ಗಡಿಯಾರಗಳು 220ರಲ್ಲಿ ವಯಸ್ಸನ್ನು ಕಳೆದು ಗರಿಷ್ಠ ನಾಡಿಬಡಿತವನ್ನು ನಿಗದಿಪಡಿಸುವುದುಂಟು. ಇದು ಸರಾಸರಿಯ ಸೂತ್ರ. ವ್ಯಕ್ತಿಯಿಂದ ವ್ಯಕ್ತಿಗೆ ಹತ್ತು-ಹನ್ನೆರಡು ಬಡಿತಗಳ ಅಂತರ ಸಹಜ. ಬಿಪಿಗಾಗಿ ಅಟೆನೊಲಾಲ್, ಮೆಟೊಪ್ರೊಲಾಲ್ ಮುಂತಾದ ಮಾತ್ರೆ ಸೇವಿಸುವವರ ನಾಡಿ ಮಾತ್ರೆಯಿಂದಲೇ ತಗ್ಗಿರುವುದರಿಂದ ಅವರಿಗೆ ಈ ಸೂತ್ರ ಅನ್ವಯಿಸುವುದಿಲ್ಲ. ವರ್ಷಗಟ್ಟಲೆ ಕುಳಿತೇ ಇದ್ದವರು ಗಡಿಯಾರದ ಗುರಿ ಮುಟ್ಟುವ ಹಟದಿಂದ ಒಮ್ಮೆಲೇ ನರಗುಂದದ ಗುಡ್ಡವನ್ನೋ ಕಾಲಕಾಲೇಶ್ವರನ ಮೆಟ್ಟಿಲುಗಳನ್ನೋ ರಭಸದಿಂದ ಏರಲು ಹೋಗಬಾರದು. ಮೊದಲು ತಪಾಸಣೆ, ಅನಂತರ ಸಮತಟ್ಟು ನೆಲದ ನಡಿಗೆ, ಆಮೇಲೆ ಗುಡ್ಡ.

ಎದೆ ನೋವು ಬಂದಾಗ ಗಡಿಯಾರ ನೋಡಬೇಡಿ

ಈ ಲೇಖನದಲ್ಲಿ ಒಂದೇ ಅಂಶವನ್ನು ನೆನಪಿಡಬೇಕೆಂದರೆ ಅದು ಇದು. ಹೃದಯಾಘಾತದ ಸಮಯದಲ್ಲಿಯೂ ನಾಡಿಬಡಿತ 75-80ರಲ್ಲಿ ಸಹಜವಾಗಿಯೇ ಇರಬಹುದು. ಎದೆಯ ನಡುವೆ ಬಿಗಿತ ಅಥವಾ ಭಾರ, ಎಡಗೈ, ದವಡೆ, ಬೆನ್ನಿಗೆ ಹರಡುವ ನೋವು, ತಣ್ಣನೆಯ ಬೆವರು, ಉಸಿರಾಟದ ತೊಂದರೆ ಇವು ಲಕ್ಷಣಗಳು. ಮಧುಮೇಹಿಗಳಲ್ಲಿ ಹಾಗೂ ಮಹಿಳೆಯರಲ್ಲಿ ನೋವೇ ಇಲ್ಲದೆ ಕೇವಲ ಸುಸ್ತು, ವಾಕರಿಕೆ ಕಾಣಿಸಬಹುದು. “ಗ್ಯಾಸ್ ಆಗಿರಬೇಕು, ವಾಚಿನಲ್ಲಿ ಎಲ್ಲಾ ಸರಿಯಿದೆ, ಸವಾಲು ಮುಗಿಸಿ ಹೋಗೋಣ” ಎಂದು ಕುಳಿತವರು ಅಮೂಲ್ಯವಾದ ಸಮಯವನ್ನು ಕಳೆದುಕೊಳ್ಳುತ್ತಾರೆ.

ನಮ್ಮ ಊರುಗಳಿಂದ ಗದಗಿನ ಜಿಮ್ಸ್ ಆಸ್ಪತ್ರೆಗಾಗಲಿ ಹುಬ್ಬಳ್ಳಿ-ಧಾರವಾಡದ ದೊಡ್ಡ ಆಸ್ಪತ್ರೆಗಳಿಗಾಗಲಿ ತಲುಪಲು ಹೊತ್ತು ಹಿಡಿಯುತ್ತದೆ. ಈ ಅಂತರವನ್ನು ತುಂಬಲೆಂದೇ ರಾಜ್ಯ ಸರಕಾರವು 2023ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ‘ಹೃದಯ ಜ್ಯೋತಿ’ ಯೋಜನೆಯನ್ನು ಆರಂಭಿಸಿತು. ಯೋಜನೆಗೆ ಒಳಪಟ್ಟ ತಾಲ್ಲೂಕು ಹಾಗೂ ಜಿಲ್ಲಾ ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಅದನ್ನು ದೂರದ ತಜ್ಞರಿಗೆ ಕಳುಹಿಸಿ, ಅಗತ್ಯವಿದ್ದಲ್ಲಿ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ನೀಡಲಾಗುತ್ತದೆ. ತಮ್ಮ ಊರಿಗೆ ಹತ್ತಿರದಲ್ಲಿ ಹಗಲಿರುಳೂ ಇಸಿಜಿ ದೊರೆಯುವ ಆಸ್ಪತ್ರೆ ಯಾವುದು, ಅಲ್ಲಿ ಈ ಸೌಲಭ್ಯವಿದೆಯೇ ಎಂಬುದನ್ನು ಪ್ರತಿಯೊಬ್ಬ ಸದಸ್ಯರೂ ಇಂದೇ ವಿಚಾರಿಸಿ, 108 ಸಂಖ್ಯೆಯ ಜೊತೆಗೆ ಅಂಗಡಿಯ ಗೋಡೆಯ ಮೇಲೆ ಬರೆದಿಡತಕ್ಕದ್ದು. ಕಷ್ಟಕಾಲದಲ್ಲಿ ಗಡಿಯಾರಕ್ಕಿಂತ ಆ ಬರಹವೇ ಹೆಚ್ಚು ನೆರವಾಗುತ್ತದೆ.

ಮಾರಾಟಗಾರರಿಗೆ ಒಂದು ಸೂಚನೆ

ಇಂತಹ ಗಡಿಯಾರಗಳನ್ನು ಮಾರುವ ಸದಸ್ಯರು ಒಂದು ವಿಷಯವನ್ನು ಗಮನಿಸಬೇಕು. ಅನೇಕ ಡಬ್ಬಿಗಳ ಮೇಲೆ ಅಥವಾ ಒಳಗಿನ ಚೀಟಿಯಲ್ಲಿ “ಇದು ವೈದ್ಯಕೀಯ ಸಾಧನವಲ್ಲ” ಎಂದು ಸಣ್ಣ ಅಕ್ಷರಗಳಲ್ಲಿ ಮುದ್ರಿಸಿರುತ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ತಯಾರಕರು ನೀಡದ ಭರವಸೆಯನ್ನು ಮಾರಾಟಗಾರರು ತಾವಾಗಿಯೇ ನೀಡಿ, ವಸ್ತುವು ಅದಕ್ಕೆ ತಕ್ಕಂತೆ ಇಲ್ಲದೆ ಹಾನಿಯುಂಟಾದರೆ ಹೊಣೆ ಮಾರಾಟಗಾರರ ಮೇಲೆಯೇ ಬರಬಹುದು. “ಇದರಲ್ಲಿ ಬಿಪಿ, ಶುಗರ್ ಪಕ್ಕಾ ತೋರಿಸುತ್ತದೆ” ಎಂಬ ಒಂದು ಮಾತು ಗಿರಾಕಿಯ ಆರೋಗ್ಯಕ್ಕೂ ಅಂಗಡಿಯ ಹೆಸರಿಗೂ ಕೇಡು ತರಬಲ್ಲುದು. ಹೆಜ್ಜೆ ಹಾಗೂ ನಾಡಿಗೆ ಇದು ಒಳ್ಳೆಯದು, ಬಿಪಿ-ಸಕ್ಕರೆಗೆ ಬೇರೆ ಯಂತ್ರ ಬೇಕು ಎಂದು ನೇರವಾಗಿ ಹೇಳುವುದೇ ಬಹುಕಾಲದ ವ್ಯಾಪಾರಕ್ಕೆ ಹಿತ. ದೀಪಾವಳಿಗೆ ನೌಕರರಿಗೆ ಗಡಿಯಾರ ಹಂಚುವ ಆಲೋಚನೆಯುಳ್ಳ ಮಾಲಕರು, ಅದರ ಬದಲು ಅಥವಾ ಅದರ ಜೊತೆಗೆ, ವರ್ಷಕ್ಕೊಮ್ಮೆ ಬಿಪಿ-ಸಕ್ಕರೆ ತಪಾಸಣೆಯ ಏರ್ಪಾಡು ಮಾಡಿದರೆ ಹಣ ಸಾರ್ಥಕವಾಗುತ್ತದೆ.

ಪಾಲಿಸಬೇಕಾದ ಕ್ರಮಗಳು

1. ಗಡಿಯಾರವನ್ನು ಮಣಿಕಟ್ಟಿನ ಎಲುಬಿನಿಂದ ಒಂದು ಬೆರಳಿನಷ್ಟು ಮೇಲೆ, ಜಾರದಂತೆ ಕಟ್ಟಬೇಕು. ಸಡಿಲವಾದ ಪಟ್ಟಿಯೂ ತಪ್ಪು ಅಂಕಿಗಳಿಗೆ ಕಾರಣವಾಗುತ್ತದೆ.

2. ಹೊಸ ತಕ್ಕಡಿಯನ್ನು ಮುದ್ರೆಯ ಕಲ್ಲಿನಿಂದ ಪರೀಕ್ಷಿಸುವಂತೆ ಗಡಿಯಾರವನ್ನೂ ಪರೀಕ್ಷಿಸಬೇಕು. ಕುಳಿತು, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಪೂರ್ತಿ 60 ಸೆಕೆಂಡು ನಾಡಿ ಎಣಿಸಿ, ಅಂಕಿಯೊಂದಿಗೆ ಹೋಲಿಸಬೇಕು. ಮೂರು ಬೇರೆ ದಿನ ಮಾಡಿದಾಗಲೂ ಐದಾರು ಬಡಿತಗಳೊಳಗೆ ಹೊಂದಿದರೆ ಆ ಗಡಿಯಾರ ವಿಶ್ರಾಂತ ನಾಡಿಗೆ ಯೋಗ್ಯ.

3. ಒಂದು ದಿನದ ಅಂಕಿಗಿಂತ ವಾರದ ಸರಾಸರಿ ಮುಖ್ಯ. ವಿಶ್ರಾಂತ ನಾಡಿಬಡಿತ 60ರಿಂದ 100ರ ನಡುವೆ ಇರುವುದು ಸಾಮಾನ್ಯ. ಕಾರಣವಿಲ್ಲದೆ ಹತ್ತರಷ್ಟು ಏರಿ ಕೆಲವು ವಾರ ಹಾಗೆಯೇ ನಿಂತರೆ ವೈದ್ಯರಿಗೆ ತಿಳಿಸಬೇಕು.

4. ಗಡಿಯಾರಕ್ಕೆ ಸಾವಿರಾರು ರೂಪಾಯಿ ತೆರುವವರು ತೋಳಿಗೆ ಸುತ್ತುವ ಬಿಪಿ ಯಂತ್ರವೊಂದನ್ನೂ ಕೊಳ್ಳಬೇಕು. ಐದು ನಿಮಿಷ ಸುಮ್ಮನೆ ಕುಳಿತು, ಬೆಳಿಗ್ಗೆ ಹಾಗೂ ಸಂಜೆ ಎರಡೆರಡು ಬಾರಿ, ಏಳು ದಿನ ಅಳೆದು ಬರೆದಿಡಬೇಕು. ಮನೆಯಲ್ಲಿ ಅಳೆದ ಸರಾಸರಿ 135/85 ಮುಟ್ಟಿದರೆ ವೈದ್ಯರ ಸಲಹೆ ಅವಶ್ಯ.

5. ದರ್ಜಿಯ ಟೇಪಿನಿಂದ ಸೊಂಟದ ಸುತ್ತಳತೆ ನೋಡಬೇಕು. ಪುರುಷರಲ್ಲಿ 90 ಸೆಂ.ಮೀ., ಮಹಿಳೆಯರಲ್ಲಿ 80 ಸೆಂ.ಮೀ. ಮೀರುವುದು ಅಪಾಯದ ಸೂಚನೆ. ಅಂಗಡಿಯಲ್ಲಿರುವ ಟೇಪು ಇಲ್ಲಿ ಗಡಿಯಾರಕ್ಕಿಂತ ಮೇಲು.

6. ನಲವತ್ತು ದಾಟಿದವರು ವರ್ಷಕ್ಕೊಮ್ಮೆ ಸಕ್ಕರೆ, ಕೊಬ್ಬಿನ ಪರೀಕ್ಷೆ ಮಾಡಿಸಬೇಕು. ಮನೆತನದಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತವಿದ್ದರೆ ಇನ್ನೂ ಮುಂಚೆಯೇ ಆರಂಭಿಸುವುದು ಒಳ್ಳೆಯದು.

7. ತಂಬಾಕು ಬಿಡುವುದರಿಂದಾಗುವ ಲಾಭವನ್ನು ಯಾವ ಗಡಿಯಾರವೂ ತೋರಿಸುವುದಿಲ್ಲ. ಆದರೆ ಮೇಲಿನ ಒಂಬತ್ತು ಬಾಬುಗಳಲ್ಲಿ ಅದು ಮೊದಲ ಸಾಲಿನದು.

ಉಪಸಂಹಾರ

ಮುಂಗೈ ಗಡಿಯಾರವು ಒಂದು ಕಿರ್ದಿ ಪುಸ್ತಕ. ದಿನನಿತ್ಯದ ನಡಿಗೆಯನ್ನೂ ವಿಶ್ರಾಂತ ನಾಡಿಯನ್ನೂ ಅದು ತಕ್ಕಮಟ್ಟಿಗೆ ಬರೆದಿಡುತ್ತದೆ, ಲಯ ತಪ್ಪಿದಾಗ ಕೆಲವೊಮ್ಮೆ ಎಚ್ಚರಿಸುತ್ತದೆ. ಕಿರ್ದಿ ಚೊಕ್ಕಟವಾಗಿದ್ದ ಮಾತ್ರಕ್ಕೆ ಅಂಗಡಿ ಲಾಭದಲ್ಲಿದೆಯೆಂದು ಯಾವ ವ್ಯಾಪಾರಸ್ಥರೂ ತಿಳಿಯುವುದಿಲ್ಲ. ಅದಕ್ಕಾಗಿ ವರ್ಷಾಂತ್ಯಕ್ಕೆ ಲೆಕ್ಕಪರಿಶೋಧನೆ ಮಾಡಿಸುತ್ತಾರೆ. ಬಿಪಿ, ಸಕ್ಕರೆ, ಕೊಬ್ಬಿನ ತಪಾಸಣೆಯೇ ದೇಹದ ಲೆಕ್ಕಪರಿಶೋಧನೆ. ಅಂಗಡಿಯ ಲೆಕ್ಕಕ್ಕೆ ತೋರುವ ಶಿಸ್ತನ್ನು ಸದಸ್ಯ ಬಾಂಧವರು ತಮ್ಮ ಹೃದಯದ ಲೆಕ್ಕಕ್ಕೂ ತೋರಲೆಂದು ಆಶಿಸಲಾಗಿದೆ.